ಪ್ರಭುಲಿಂಗ ಸರ್ ಕೇಳಿದ ವಾಕ್ಯ

“ಹೇಳೇ ಮುದುಕಿ! ಬಾಯಲ್ಲೇನು ಸಗಣಿ ತುಂಬ್ಕೊಂಡಿದೀಯಾ?”

ಪ್ರಭುಲಿಂಗ ಸರ್ ನನ್ನ ಅತ್ತೆ ಜಟ್ಟೆಮ್ಮನ ಮೂತಿಗೆ ಮೊಬೈಲ್ ಹಿಡಿದಿದ್ದರು. ನಾನು ಅದೇ ಹಾಲ್‌ನಲ್ಲಿ ನೆಲ ಒರೆಸುತ್ತಿದ್ದೆ. ಯಾದಗಿರಿ ಕಡೆಯಿಂದ ಬಂದು ಬಾಣಸವಾಡಿಯ ಬಾಡಿಗೆ ಕೋಣೆಯಲ್ಲಿರುವ ನಮಗೆ ರಿಚರ್ಡ್ಸ್ ಟೌನಿನ ಈ ಮನೆಯೇ ಅನ್ನ. ನನ್ನದು ಕಸಮುಸುರೆ, ಅತ್ತೆಯದು ಬಾಯಿ ಕೆಲಸ. ಊರೂರು ಅಲೆಯುವ ನಮ್ಮ ಜನರ ಮಾತಿಗೆ ಒಂದು ಸಣ್ಣ ವ್ಯಾಕರಣ ಬರೆದರೆ ಸರ್‌ಗೆ ದೊಡ್ಡ ಹುದ್ದೆಯಂತೆ. ಅತ್ತೆಯಿಂದ ಕಲಿತು ಕಲಿತು ಈಗ ಅವರಿಗೂ ನಮ್ಮ ಮಾತು ತಿಳಿಯುತ್ತದೆ. ಆದರೂ ಕಲಿಸಿದವಳು ಕೂರುವುದು ನೆಲದ ಮೇಲೆಯೇ.

ಇವತ್ತು ಅವರಿಗೆ ಬೇಕಾಗಿದ್ದ ವಾಕ್ಯ: ಮುತ್ತಣ್ಣ ಹಗ್ಗದಿಂದ ಬಿದ್ದು ಸತ್ತ.

ಮುತ್ತಣ್ಣ ನನ್ನ ಗಂಡ. ದೊಡ್ಡ ಕಟ್ಟಡಗಳ ಗಾಜು ಒರೆಸುವವನು. ಆ ಹೊತ್ತಿನಲ್ಲೂ ಇಂದಿರಾನಗರದಲ್ಲಿ ಹಗ್ಗಕ್ಕೆ ಜೋತುಬಿದ್ದಿದ್ದ. ಅದು ಸರ್‌ಗೆ ಗೊತ್ತಿತ್ತು.

“ಬ್ಯಾಡ್ರಿ ಸರ. ಇದ್ದವ್ರ ಹೆಸರಿಗಿ ಸಾವು ಹಚ್ಚಿ ನಮ್ಮ ಮಾತಿನಾಗ ಆಡಬಾರದ್ರಿ. ತಟ್ತದ,” ಅಂದಳು ಅತ್ತೆ.

ಕನ್ನಡದಲ್ಲಾದರೆ ‘ಸಾಯಿ, ಭಾಡ್ಯಾ’ ಅಂತ ದಿನಾ ಗಂಡನನ್ನು ಬೈಯುತ್ತೇನೆ, ಅದು ತಟ್ಟುವುದಿಲ್ಲ. ನಮ್ಮ ಮಾತಿನಲ್ಲಿ ಎಷ್ಟೇ ಸಿಟ್ಟು ಬಂದರೂ ಒಮ್ಮೆಯೂ ಅಂದಿಲ್ಲ.

“ಬರೀ ಉದಾಹರಣೆ ಕಣೇ! ಹೇಳಲ್ವಾ? ಹಂಗಾದ್ರೆ ಇಬ್ರೂ ನಾಳೆಯಿಂದ ಬರ್ಬೇಡಿ. ಬೀದಿ ನಾಯಿಗಳನ್ನ ಮನೆಯೊಳಗೆ ಬಿಟ್ಕೊಂಡಿದ್ದೇ ನನ್ನ ತಪ್ಪು.”

ನನ್ನ ಮೈಯೆಲ್ಲ ಉರಿಯಿತು. ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಎಸೆದೆ. ಅತ್ತೆ ಕಣ್ಣಲ್ಲೇ ನನ್ನನ್ನು ತಡೆದಳು.

“ಬ್ಯಾರೆ ಹೆಸರು ಹಾಕ್ಲೇನ್ರಿ?”

“ಯಾವ್ದಾದ್ರೂ ಹಾಕ್ಕೊಂಡು ಸಾಯಿ.”

ಬಾಲ್ಕನಿಯಲ್ಲಿ ಸರ್ ಮಗ ಕೇದಾರ್ ಕಂಬಿಗೆ ಒರಗಿ ಫೋನಿನಲ್ಲಿ ನಗುತ್ತಿದ್ದ. ಅತ್ತೆ ಅವನನ್ನೊಮ್ಮೆ ನೋಡಿದಳು. ಆಮೇಲೆ ಮೊಬೈಲನ್ನು ತಾನೇ ಹತ್ತಿರಕ್ಕೆ ಎಳೆದುಕೊಂಡು, ನಮ್ಮ ಮಾತಿನಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು: ಕೇದಾರ ಬಾಲ್ಕನಿಯಿಂದ ಬಿದ್ದು ಸತ್ತ.

“ಲೇ ಸೂಳೆಮುಂಡೆ!”

ಕೂಗು ಕೇಳಿ ಸರ್ ಹೆಂಡತಿ ವಿಮಲಾಕ್ಷಿ ಅಡುಗೆಮನೆಯಿಂದ ಬಂದರು. “ಕೇದಾರ್ ಅಂತ ಕೇಳಿಸ್ತು. ಏನಂದ್ಲು ರೀ?”

“ಹೇಳ್ರಿ ಸರ,” ಅತ್ತೆ ನೆಲದಿಂದ ಎದ್ದಳು. “ಅಕ್ಕೋರು ಕೇಳಲತ್ತಾರ.”

ಸರ್ ಬಾಲ್ಕನಿಗೆ ಓಡಿ, ಮಗನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು.