ಚಾಕಿ ಗಾಡಿಯ ಟ್ರಯಲ್

ಹೊಂಗನೂರಿನ ಚೈತ್ರಾಳಿಗೆ ಹೆವಿ ಲೈಸೆನ್ಸ್ ಸಿಕ್ಕಿ ಐದು ತಿಂಗಳಾಗಿತ್ತು. ಓಡಿಸಲು ಗಾಡಿ ಮಾತ್ರ ಸಿಕ್ಕಿರಲಿಲ್ಲ. ಕನಕಪುರದ ಕಲ್ಲು ಲಾರಿಯವರು, ರಾಮನಗರದ ಮಾವಿನ ವ್ಯಾಪಾರಿಗಳು, ಎಲ್ಲರೂ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ಎಕ್ಸ್‌ಪೀರಿಯನ್ಸ್ ಐತೇನಮ್ಮ?" ಯಾರೂ ಕೆಲಸ ಕೊಡದಿದ್ದರೆ ಅನುಭವವೇನು ಅಂಗಡಿಯಲ್ಲಿ ಸಿಗುತ್ತದೆಯೇ? ಒಬ್ಬ ಮಹಾಶಯನಂತೂ "ನಿಮ್ಮೆಜಮಾನ್ರನ್ನ ಕಳ್ಸಿ, ಮಾತಾಡಾಣ" ಎಂದಿದ್ದ. ಮದುವೆಯಾಗಿಲ್ಲವೆಂದು ಹೇಳುವ ಗೋಜಿಗೂ ಹೋಗದೆ ಅವಳು ಬಸ್ಸು ಹತ್ತಿದ್ದಳು.

ಕೊನೆಗೆ ಆಸೆ ಹುಟ್ಟಿದ್ದು ಸ್ವಂತ ಊರಿನಲ್ಲೇ. ಅಲ್ಲಿ ಅನಂತರಾಜು ಅವರದೊಂದು ಚಾಕಿ ಕೇಂದ್ರವಿತ್ತು. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಹತ್ತು ದಿನ ಸಾಕಿ, ಟ್ರೇಗಳಲ್ಲಿ ರೈತರ ಮನೆಗೆ ಮುಟ್ಟಿಸುತ್ತಿದ್ದರು. ಅವರ ಕ್ಯಾಂಟರ್ ಓಡಿಸುತ್ತಿದ್ದ ಮುನಿರಾಮಯ್ಯನಿಗೆ ಅರವತ್ತು ದಾಟಿ, ಮೊಣಕಾಲು ಕೈಕೊಟ್ಟಿತ್ತು.

"ಮಾಗಡಿ ತಾವ ಕಲ್ಯ ಊರ್ಗೆ ಒಂದ್ ಟ್ರಿಪ್ ಹೋಗ್ಬುಟ್ ಬಾ. ಮುನಿರಾಮಣ್ಣ ಪಕ್ದಲ್ಲಿ ಕೂತಿರ್ತಾನೆ. ಅವ್ನು ಸೈ ಅಂದ್ರೆ ಕೆಲ್ಸ ನಿಂದೇಯ," ಎಂದರು ಅನಂತರಾಜು.

ಮರುದಿನ ಬೆಳಗಿನ ತಂಪಿನಲ್ಲೇ ಗಾಡಿ ಹೊರಟಿತು. ಚನ್ನಪಟ್ಟಣದಲ್ಲಿ ಗೇರು ಕಿರುಗುಟ್ಟಿತು. "ಕ್ಲಚ್ ಪೂರ್ತಿ ತುಳಿಯವ್ವ, ಗಾಡಿ ನಿಮ್ಮಪ್ಪಂದಲ್ಲ!" ಎಂದು ಮುನಿರಾಮಯ್ಯ ಗದರಿದ. ರಾಮನಗರದ ಗದ್ದಲ ದಾಟಿ ಮಾಗಡಿ ರಸ್ತೆ ಹಿಡಿಯುವಷ್ಟರಲ್ಲಿ ಅವಳ ರವಿಕೆ ಬೆವರಿನಿಂದ ತೊಯ್ದಿತ್ತು. ಮುದುಕ ಜೇಬಿನಿಂದ ಬೀಡಿ ತೆಗೆದ.

ಚೈತ್ರಾ ಓರೆಗಣ್ಣಿನಿಂದ ಬೀಡಿಯನ್ನು ನೋಡಿದಳು. ಹುಳ ಸಾಕುವ ಮನೆಯಲ್ಲೇ ಬೆಳೆದವಳು ಅವಳು. ತಂಬಾಕಿನ ಹೊಗೆ ತಾಗಿದರೆ ಚಾಕಿ ಹುಳುಗಳು ಸೊಪ್ಪು ಮುಟ್ಟುವುದಿಲ್ಲವೆಂದು ಅವಳಮ್ಮ ಶಿವಲಿಂಗಮ್ಮ, ಬೀಡಿ ಸೇದಿದ ನೆಂಟರನ್ನು ಹುಳದ ಮನೆಯ ಹತ್ತಿರವೂ ಸೇರಿಸುತ್ತಿರಲಿಲ್ಲ.

"ಮುನಿರಾಮಣ್ಣ, ಹಿಂದೆ ಹುಳ ಅವೆ."

"ಇಪ್ಪತ್ತೆರಡು ವರ್ಷದಿಂದ್ಲೂ ಅವೆ. ಗಾಜು ಇಳ್ಸಿದೀನಲ್ಲ, ಹೊಗೆ ಆಚೆ ಹೋಯ್ತದೆ. ನೀನು ರೋಡ್ ನೋಡು," ಎಂದು ಅವನು ಕಡ್ಡಿ ಗೀರಿದ.

ಸುಮ್ಮನಿದ್ದರೆ ಕೆಲಸ ಸಿಗುತ್ತಿತ್ತು. ಐದು ತಿಂಗಳ ಅಲೆದಾಟ ಅಲ್ಲಿಗೆ ಮುಗಿಯುತ್ತಿತ್ತು. ಆದರೂ ಅವಳು ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಕೆಳಗಿಳ್ದು ಸೇದಣ್ಣ. ಆಮೇಲೆ ಕೈ ಬಾಯಿ ತೊಳ್ಕೊಂಡು ಹತ್ತು."

"ನನ್ನ ಇಳಿಸ್ತೀಯಾ? ನಿನ್ ಕೆಲ್ಸ ನನ್ ನಾಲ್ಗೆ ಮೇಲೈತೆ, ಗೊತ್ತಾ?"

"ಗೊತ್ತು ಕಣಣ್ಣ." ಅವಳು ಇಂಜಿನ್ ಆಫ್ ಮಾಡಿದಳು. "ಆದ್ರೂ ಇಳಿ."

ಮುನಿರಾಮಯ್ಯ ಇಳಿದ. ಬಾಗಿಲನ್ನು ದಡಾರನೆ ಹಾಕಿ, ಕುಂಟುತ್ತ ರಸ್ತೆ ದಾಟಿ, ರಾಮನಗರದ ಕಡೆಯ ಬಸ್ಸಿಗೆ ಕಾಯುತ್ತ ನಿಂತ. ಎಷ್ಟು ಕರೆದರೂ ತಿರುಗಿ ನೋಡಲಿಲ್ಲ.

ಕಲ್ಯದವರೆಗೂ ಚೈತ್ರಾ ಒಬ್ಬಳೇ ಓಡಿಸಿದಳು. ಕೆಲಸ ಹೋಯಿತೆಂದು ಅರ್ಧ ದಾರಿ ಅತ್ತಳು. ಅಲ್ಲಿ ರೈತರ ಮನೆಯ ಯಲ್ಲಮ್ಮ ಟ್ರೇಯ ಮುಚ್ಚಳ ತೆಗೆದು, ಸಣ್ಣಗೆ ಹೆಚ್ಚಿದ ಸೊಪ್ಪು ಉದುರಿಸಿದಳು. ಹುಳುಗಳು ತಲೆಯೆತ್ತಿ ಸೊಪ್ಪಿಗೆ ಹತ್ತಿದವು. "ಚೆನ್ನಾಗವೆ ಕಣವ್ವ," ಎಂದು ಯಲ್ಲಮ್ಮ ನಕ್ಕಳು.

ಮಧ್ಯಾಹ್ನ ಗಾಡಿ ತಂದು ನಿಲ್ಲಿಸುವಾಗ ಅನಂತರಾಜು ಗೇಟಿನಲ್ಲೇ ಇದ್ದರು. ಚೈತ್ರಾ ಕೀ ಮುಂದೆ ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ.

"ಮುನಿರಾಮಣ್ಣ ಬಂದಿದ್ದ. ತಿರುವಲ್ಲಿ ಹೆದರ್ತಾಳೆ ಅಂದ, ಗೇರ್ ಹಾಕಕ್ ಬರಲ್ಲ ಅಂದ."

ಅವಳು ತಲೆ ತಗ್ಗಿಸಿದಳು.

"ಆಮೇಲೆ ಬೀಡಿ ವಿಷ್ಯ ಅವ್ನೇ ಬಾಯ್ಬುಟ್ಟ. ನಾನ್ ಕೇಳೂ ಇರ್ನಿಲ್ಲ. 'ಇಷ್ಟ್ ವರ್ಷ ಸೇದ್ಕಂಡೇ ಹೋಗಿವ್ನಿ. ಮಾಗಡಿ ಕಡೆ ಹುಳ ಸೊರಗ್ದಾಗೆಲ್ಲ ರೈತ್ರ ಸೊಪ್ಪು ಸರಿ ಇಲ್ಲ ಅಂತ ನಾನೇ ಹೇಳ್ತಿದ್ದೆ. ಗಾಡಿ ಆ ಹುಡ್ಗಿಗೇ ಕೊಡಿ, ನಾಳಿಂದ ನಾನ್ ಬರಲ್ಲ' ಅಂತ ಅತ್ಬುಟ್ಟ ಕಣವ್ವ."

ಚೈತ್ರಾಳಿಗೆ ಕುಣಿದಾಡುವಷ್ಟು ಖುಷಿಯಾಗಬೇಕಿತ್ತು. ಆಗಲಿಲ್ಲ. ರಸ್ತೆಯಾಚೆ ಮುಖ ತಿರುಗಿಸಿ ನಿಂತಿದ್ದ ಮುದುಕನೇ ಕಣ್ಣ ಮುಂದೆ ಬಂದ.

"ಎಲ್ಲವ್ರೆ ಅವ್ರು?"

"ಮನೇಲಿ."

"ನಾನೇ ಹೋಗ್ ಕರ್ಕೊಂಡ್ ಬತ್ತೀನಿ ಯಜಮಾನ್ರೆ," ಎಂದಳು ಚೈತ್ರಾ. "ಡ್ರೈವಿಂಗ್ ನಂಗೆ ಇನ್ನ್ಯಾರು ಕಲಿಸ್ತಾರೆ?"