ಬುದ್ಧಿ ಬಂದ ಬೆಕ್ಕು

ನಮ್ಮ ಗುಂಡಣ್ಣನಿಗೆ ಬುದ್ಧಿ ಬಂತೆಂದು ತಿಂಗಳಿಂದ ಕಂಡಕಂಡವರಿಗೆಲ್ಲ ಡಂಗುರ ಸಾರಿದವಳು ನಾನೇ. ಗುಂಡಣ್ಣ ಹನ್ನೆರಡು ವರ್ಷದ ಬೆಕ್ಕು, ನಾನು ಟೈಲರ್. ಮಹಡಿಯಲ್ಲಿ ನನ್ನ ಹೊಲಿಗೆ ಕೋಣೆ. ಬಟ್ಟೆ ಕತ್ತರಿಸುವ ಮೇಜಿಗೆ ಅವನು ಹಾರುವುದು, ಗಿರಾಕಿಯ ರೇಷ್ಮೆಗೆ ಕೂದಲು ಮೆತ್ತುವುದು, ನಾನು ಸ್ಕೇಲು ಎತ್ತಿ ಗದರುವುದು ನಮ್ಮ ನಿತ್ಯದ ಜಗಳ. ಈಗ ಹಾರುವುದನ್ನೇ ಬಿಟ್ಟು ಮೇಜಿನಡಿ ಚಿಂದಿಯ ಮೇಲೆ ತೆಪ್ಪಗೆ ಬಿದ್ದಿರುತ್ತಿದ್ದ.

ಇವತ್ತು ಬೆಳಿಗ್ಗೆ ಕೆಳಗೆ ಬಿದ್ದ ಕತ್ತರಿ ತಡಕುವಾಗ ಅವನ ಸೊಂಟಕ್ಕೆ ಕೈ ತಗುಲಿತು. ಎಂದೂ ಉಗುರು ತೋರದವನು ಕಚ್ಚಿಯೇ ಬಿಟ್ಟ. ಬುಟ್ಟಿಗೆ ಹಾಕಿಕೊಂಡು ಇಳಿದು ಬಂದೆ.

ಬಾಗಿಲಲ್ಲಿ ಅತ್ತೆ. "ಆಸ್ಪತ್ರೆ ಯಾಕೆ ಬಿಡೇ. ಅವನಿಗೆ ಕೀಲುನೋವು, ನಂಗೊತ್ತಾಗಲ್ವಾ? ಆಗ್ಲೇ ನಿನ್ ಕೈಲಿ ಹಾಲು ಕಳಿಸಿದ್ನಲ್ಲ, ಅದ್ರಲ್ಲಿ ನನ್ನ ಮಾತ್ರೆ ಅರ್ಧ ಅರೆದು ಹಾಕಿದೀನಿ."

"ಎಲ್ಲಾದಕ್ಕೂ ಮೂಗು ತೂರಿಸ್ತೀರಿ!" ಎಂದು ಸಿಡುಕಿ ಹೊರಟೆ.

ಪಶುವೈದ್ಯೆ ಅವನ ಹಿಂಗಾಲು ಮೆಲ್ಲಗೆ ಮಡಿಸಿ ನೋಡಿದರು. "ಕೀಲು ಸವೆದಿದೆ. ಬೆಕ್ಕು ನೋವು ಅಂತ ಕೂಗಲ್ಲ ಕಣ್ರೀ. ಹಾರೋದು ಬಿಡುತ್ತೆ, ಅಷ್ಟೇ."

ಅತ್ತೆಯ ಪ್ಯಾರಾಸಿಟಮಾಲ್ ಮಾತ್ರೆಯ ವಿಷಯ ಹೇಳಿದೆ. ಅವರ ಕೈ ಅಲ್ಲೇ ನಿಂತಿತು.

"ಪ್ಯಾರಾಸಿಟಮಾಲಾ? ಅದು ಬೆಕ್ಕಿಗೆ ವಿಷ! ಹಾಲು ಕುಡಿದಿದಾನಾ ಇಲ್ವಾ? ಬೇಗ ಗೊತ್ತಾಗ್ಬೇಕು."

ಬಟ್ಟಲು ಮಹಡಿಯ ಮೇಲೆ, ಮೇಜಿನಡಿ. ಇಟ್ಟವಳು ನಾನೇ, ಕುಡಿದನೋ ಇಲ್ಲವೋ ನೋಡಿರಲಿಲ್ಲ. ಮನೆಗೆ ಫೋನು ಮಾಡಿದೆ.

"ಅತ್ತೆ, ಮೇಲೆ ಹೋಗಿ ಬಟ್ಟಲು ನೋಡಿ! ಈಗ್ಲೇ!"

"ಮೇಲಾ..." ಎಂದರು. ಆಮೇಲೆ, "ಹೂಂ."

ಹದಿನಾಲ್ಕು ಮೆಟ್ಟಿಲು. ಫೋನಿನಲ್ಲಿ ಒಂದು ಹೆಜ್ಜೆ, ಒಂದು ಉಸಿರು. ಇನ್ನೊಂದು ಹೆಜ್ಜೆ. ಹಲ್ಲು ಕಚ್ಚಿ ನುಂಗಿದ ನರಳಾಟ. "ಬೇಗ ಅತ್ತೆ" ಅನ್ನಲು ಹೋದವಳು ಹೆಜ್ಜೆ ಎಣಿಸತೊಡಗಿದೆ. ಅವರು ಮಹಡಿ ಹತ್ತದೆ ಎರಡು ತಿಂಗಳಾಗಿತ್ತು. ಅದಕ್ಕೆ ಮುಂಚೆ ದಿನವೂ ಬಂದು ನನ್ನ ಹೊಲಿಗೆಯಲ್ಲಿ ಹುಳುಕು ಹುಡುಕುತ್ತಿದ್ದವರು. ಕೊನೆಗೂ ಅತ್ತೆಗೆ ಬುದ್ಧಿ ಬಂತೆಂದು ಗಂಡನ ಹತ್ತಿರ ನಕ್ಕಿದ್ದೆ.

ಒಂಬತ್ತು. ಹತ್ತು. ಇಲ್ಲಿ ಆಸ್ಪತ್ರೆಯ ಮೇಜಿನ ಮೇಲೆ ಗುಂಡಣ್ಣ ಏದುಸಿರು ಬಿಡುತ್ತಿದ್ದ. ವೈದ್ಯೆ ಸೂಜಿಮದ್ದು ತಯಾರಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಹದಿನಾಲ್ಕು.

"ತುಂಬಿದ ಹಾಗೇ ಇದೆ ಕಣೇ. ಕೆನೆ ಕೂಡ ಕದಡಿಲ್ಲ."

ನಾನು ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಭಯದಿಂದ ಗುಂಡಣ್ಣನ ಉಸಿರು ಹಾಗಾಗಿದೆಯೆಂದ ವೈದ್ಯೆ, ಬೆಕ್ಕಿಗೇ ಆಗುವ ಔಷಧಿ ಬರೆದರು, ಮೇಜು ಹತ್ತಲು ಪುಟ್ಟ ಮೆಟ್ಟಿಲಿಡಿ ಎಂದರು.

ಮನೆಗೆ ಬಂದಾಗ ಅತ್ತೆ ಇನ್ನೂ ಮೇಲಿನ ಮೆಟ್ಟಿಲಲ್ಲೇ ಕೂತಿದ್ದರು, ಬಟ್ಟಲು ಮಡಿಲಲ್ಲಿಟ್ಟುಕೊಂಡು.

"ಇಳೀಲಿಲ್ವಾ ಅತ್ತೆ?"

"ಏನಿಲ್ಲ, ಸುಮ್ನೆ ಗಾಳಿಗೆ ಕೂತೆ."

ಕಿಟಕಿ ಮುಚ್ಚಿತ್ತು. ನಾನು ಅವರ ಪಕ್ಕ ಕೂತು ಸೀರೆಯ ಮೇಲಿಂದಲೇ ಮಂಡಿ ಮುಟ್ಟಿದೆ. ಅವರು ಕಚ್ಚಲಿಲ್ಲ, ಗದರಲೂ ಇಲ್ಲ.