ಹಾಸಿದ ಕಂಬಳಿ

ಬಿಹಾರದಲ್ಲಿ ಭೂಮಿ ನಡುಗಿ ಊರೂರೇ ನೆಲಕ್ಕೆ ಬಿದ್ದ ವರ್ಷ. ಗಾಯಾಳುಗಳನ್ನು ನೋಡಲು ಕಡೂರಿನ ಡಾಕ್ಟರು ಪಂಚಾಕ್ಷರಪ್ಪನವರು ಹೊರಟಿದ್ದರು. ಹೊರಡುವ ಮುಂಚೆ ಅಂತರಘಟ್ಟೆಗೆ ಬಂದು, "ಔಷಧಿ ಹೆಂಗೋ ಆಗುತ್ತೆ. ಕೈಕಾಲು ಮುರಿದೋರು ಬಯಲಲ್ಲಿ ಮಲಗಿದಾರೆ, ಚಳಿ ಕೊಲ್ತಾ ಇದೆ. ಕಂಬಳಿ ಕೊಡ್ರಪ್ಪಾ" ಅಂದಿದ್ದರು. ಕುರಿ ಸಾಕಿದ ಮನೆಯ ಹುಲಿಗೆಮ್ಮ ಕೇರಿಯ ಹೆಂಗಸರನ್ನೆಲ್ಲ ಕೂಡಿಸಿ, ಹೊಸ ಕಂಬಳಿಗಳನ್ನೇ ಆರಿಸಿ, ಎತ್ತಿನ ಗಾಡಿ ತುಂಬಿಸಿ, ಡಾಕ್ಟರು ರೈಲು ಹತ್ತುವ ದಿನ ಕಡೂರು ಸ್ಟೇಷನ್ನಿಗೆ ತಂದಳು. ಮಗಳ ಮದುವೆಗೆಂದು ಎತ್ತಿಟ್ಟಿದ್ದ ಕೆಂಪು ಅಂಚಿನದೂ ಅದರಲ್ಲಿತ್ತು.

ಪರಿಹಾರ ಕಮಿಟಿಯ ಓಂಕಾರಮೂರ್ತಿ ಬಾಗಿಲಲ್ಲೇ ಗಂಟು ಇಳಿಸಿಕೊಂಡು, "ಇನ್ನು ನಮಗೆ ಬಿಡಮ್ಮ" ಎಂದ.

ಎತ್ತುಗಳಿಗೆ ನೀರು ಕುಡಿಸಿ ಅವಳು ಒಳಗೆ ಬರುವ ಹೊತ್ತಿಗೆ ರೈಲು ಬಂದು ನಿಂತಿತ್ತು. ಪ್ಲಾಟ್‌ಫಾರಮ್ಮಿನ ಮೇಲೆ ಕಂಬಳಿಗಳನ್ನು ಉದ್ದಕ್ಕೂ ಹಾಸಿದ್ದರು. ಕಂಬಳಿಯ ಮೇಲೆ ಕುರ್ಚಿ, ಕುರ್ಚಿಯಲ್ಲಿ ಪೇಟದವರು, ಪೇಟದವರ ಕಾಲಲ್ಲಿ ಬೂಟು. ಡಾಕ್ಟರ ಕೊರಳಿಗೆ ಹಾರದ ಮೇಲೆ ಹಾರ. ಭಾಷಣ ಸಾಗಿತ್ತು.

ಹುಲಿಗೆಮ್ಮ ನೇರ ಓಂಕಾರಮೂರ್ತಿಯ ಎದುರಿಗೆ ಬಂದು ನಿಂತಳು. ಅವಳ ಮನೆಯಲ್ಲಿ ಕಂಬಳಿ ಹಾಸಿದರೆ ಅದು ದೇವರ ಗದ್ದುಗೆ. ಮೆಟ್ಟಿನ ಕಾಲಲ್ಲಿ ಯಾರೂ ತುಳಿಯರು.

"ಸಾಮಿ, ಇವು ರೈಲಿಗೆ ಹಾಕ್ಬೇಕಿತ್ತಲ್ಲ?"

"ಮುಂದಿನ ಗಾಡಿಗೆ ಕಳಿಸ್ತೀವಿ ಕಣಮ್ಮ. ದೊಡ್ಡೋರನ್ನ ಬರೀ ನೆಲದ ಮೇಲೆ ಕೂರಿಸೋಕಾಗುತ್ತಾ?" ಎಂದ ಓಂಕಾರಮೂರ್ತಿ.

"ನೆಲ ಬಿರಿದಿರೋದು ಅಲ್ಲಿ. ನಿಮ್ಮ ನೆಲ ಗಟ್ಟಿಯಾಗೇ ಐತಲ್ಲ."

ಯಾರೋ ಕಿಸಕ್ಕನೆ ನಕ್ಕರು. ಗಾರ್ಡು ಸೀಟಿ ಊದಿದ. ಹುಲಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತುದಿಯ ಕಂಬಳಿ ಹಿಡಿದು ಎಳೆದಳು. ಅದರ ಮೇಲಿದ್ದ ಸಾಹುಕಾರ ತತ್ತರಿಸಿ ಎದ್ದ. ಅವನನ್ನು ಕಂಡು ಪಕ್ಕದವನೂ ಎದ್ದ.

"ಭೂಮಿ ನಡುಗ್ತಾ, ಸಾಮಿ? ಇಷ್ಟಕ್ಕೇ ಎದ್ಬಿಟ್ರಲ್ಲ" ಎನ್ನುತ್ತ ಅವಳು ಮುಂದಿನದಕ್ಕೆ ಕೈ ಹಾಕಿದಳು.

ಡಾಕ್ಟರು ಹಾರ ಕಿತ್ತಿಟ್ಟು ಬಂದರು. ಅವಳ ಜೊತೆ ಕಂಬಳಿ ಬಾಚಿ ಬಾಚಿ ರೈಲಿನೊಳಕ್ಕೆ ಎಸೆದರು. ರೈಲು ಅಲುಗಿದಾಗ ತಾವೂ ಹತ್ತಿಕೊಂಡರು.

ಒಂದು ಉಳಿಯಿತು. ಕಮಿಟಿಯ ಅಧ್ಯಕ್ಷರು ಮಾತ್ರ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅವರ ಬೂಟಿನಡಿ ಇದ್ದದ್ದು ಆ ಕೆಂಪು ಅಂಚಿನದು.

ರೈಲು ಮರೆಯಾದ ಮೇಲೆ ಓಂಕಾರಮೂರ್ತಿ ಅದನ್ನು ಮಡಿಸಿ ತಂದ. "ತಗೊಂಡು ಹೋಗಮ್ಮ. ಒಗೆದ್ರೆ ಹೊಸದೇ."

"ಕೊಟ್ಟಿದ್ದನ್ನ ಹೊತ್ಕೊಂಡು ಮನೆಗೆ ಹೋಗ್ಲಾ? ಇದನ್ನ ಹೊದೆಯೋನು ಅಲ್ಲಿ ನಡುಗ್ತಾ ಅವ್ನೆ. ನೀವೇ ಒಗೀರಿ, ಒಣಗಿಸಿ ಕಳಿಸ್ರಿ."

"ಮುಂದಿನ ಗಾಡಿ ನಾಳೆ ಕಣಮ್ಮ."

"ಆಗ್ಲಿ. ನಲ್ಲಿ ಅಲ್ಲೈತೆ" ಎಂದು ಹುಲಿಗೆಮ್ಮ ಬರೀ ನೆಲದ ಮೇಲೆ ಕೂತಳು.